ಗಾಡಿಗೊಂದು ಚರಿತ್ರೆ, ದುಡಿದವನಿಗೊಂದು ಚೀಟಿ

ಊರಿಗೆ ಹೋದಾಗ ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನ ಮುಗಿಸಿ, ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯವನ್ನು ಹೊಕ್ಕು ಬಂದವರು ನಮ್ಮ ವಾಚಕರಲ್ಲಿ ಬಹಳ ಮಂದಿಯಿದ್ದಾರೆ. ಅಂತಹ ಗಾಡಿಯೆದುರು ನಿಂತವನು ಮೊದಲು ಕೇಳುವ ಪ್ರಶ್ನೆ, 'ಇದು ಯಾರದಾಗಿತ್ತು?' ಎಂಬುದೇ. ಹಳೆಯ ಗಾಡಿಯ ಬೆಲೆಯೆಲ್ಲ ಆ ಪ್ರಶ್ನೆಯ ಉತ್ತರದಲ್ಲಿ ಅಡಗಿದೆ.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ಬೆಂಟ್ಲಿ ಕಂಪನಿಯ 'ಓಲ್ಡ್ ನಂಬರ್ ವನ್' ಎಂಬ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಗೆದ್ದಿತ್ತು. ಎರಡು ಸಲವೂ ವುಲ್ಫ್ ಬರ್ನಾಟೊ ಅದರ ಚಾಲಕರಲ್ಲೊಬ್ಬನಾಗಿದ್ದನು. ಆ ಬಳಿಕ ಪಂದ್ಯದಿಂದ ಪಂದ್ಯಕ್ಕೆ ಅದರ ಅಂಗಾಂಗಗಳು ಬದಲಾದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಕ್ಲೈವ್ ಡನ್‌ಫೀ ಎಂಬ ಚಾಲಕನು ಇದನ್ನು ಓಡಿಸುತ್ತಲೇ ಮಡಿದನು. ಮುಂದೆ ಅದನ್ನು ಮತ್ತೆ ಕಟ್ಟಿ ರಸ್ತೆಯ ಕಾರನ್ನಾಗಿ ಮಾಡಿದರು.

1990ರಲ್ಲಿ ಅದರ ಆಗಿನ ಒಡೆಯನು ಒಂದು ಕೋಟಿ ಪೌಂಡು ಬೆಲೆಗೆ ಅದನ್ನು ಮಾರಲು ಒಪ್ಪಂದ ಮಾಡಿಕೊಂಡನು. ಆದರೆ ಕೊಳ್ಳಬೇಕಾದ ಕಂಪನಿಯು, 'ಹಳೆಯದೇನೂ ಇದರಲ್ಲಿ ಉಳಿದಿಲ್ಲ, ಇದು ಆ ಕಾರೇ ಅಲ್ಲ' ಎಂದು ಹಿಂದೆಗೆಯಿತು. ನ್ಯಾಯಮೂರ್ತಿ ಆಟನ್ ಅವರು ಅದೇ ವರ್ಷದ ಜುಲೈಯಲ್ಲಿ ಒಡೆಯನ ಪರವಾಗಿ ತೀರ್ಪಿತ್ತರು. ಮೊದಲಿನ ಭಾಗಗಳು ಉಳಿದಿರುವುದು ಅತ್ಯಲ್ಪವೆಂಬುದು ನಿಜ. ಆದರೂ ಅದರ ಚರಿತ್ರೆ ಎಲ್ಲಿಯೂ ಕಡಿದಿಲ್ಲವಾದುದರಿಂದ ಅದು ಅದೇ ಕಾರು ಎಂಬುದು ತೀರ್ಪಿನ ಸಾರ. ಕಬ್ಬಿಣ ಬದಲಾದರೂ ಹೆಸರು ಉಳಿಯಿತು.

ನಮ್ಮ ದೇಶದಲ್ಲಿಯೂ 2021ರ ನಿಯಮಗಳ ಪ್ರಕಾರ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಇರಿಸಿಕೊಂಡ ಗಾಡಿಗೆ ಪ್ರತ್ಯೇಕ ನೋಂದಣಿಯುಂಟು. ಅದಕ್ಕೂ ಹಳೆಯ ಕಾಗದಪತ್ರಗಳನ್ನು ತೋರಿಸಬೇಕು. ಗಾಡಿಯ ಮಟ್ಟಿಗೆ ಇದೆಲ್ಲ ಸರಿಯೇ. ನಮ್ಮನ್ನು ಕಾಡುವ ಮಾತು ಬೇರೆಯಿದೆ.

ಹೋಟೆಲೂ ಹೀಗೆಯೇ ಕೈಯಿಂದ ಕೈಗೆ ಹೋಗುವ ವಸ್ತು. ಬೋರ್ಡು ಬದಲಾಗುತ್ತದೆ, ಮೇಜು ಬದಲಾಗುತ್ತದೆ, ಗಲ್ಲಾದಲ್ಲಿ ಕುಳಿತ ಯಜಮಾನರು ಬದಲಾಗುತ್ತಾರೆ. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸುವ ಭಟ್ಟರು ಮಾತ್ರ ಅವರೇ. ಮುಂಬ್ರಾದ ನಮ್ಮ ಹೋಟೆಲನ್ನು ಮಾರುವಾಗ ನಾವು ಸಾಮಾನಿನ ಪಟ್ಟಿಯನ್ನು ಬಹು ಎಚ್ಚರದಿಂದ ಬರೆದೆವು: ಗ್ರೈಂಡರು ಒಂದು, ಬಾಯ್ಲರು ಒಂದು, ದೋಸೆಯ ಕಾವಲಿ ಎರಡು, ಬಿರುಕು ಬಿಟ್ಟ ಮೇಜು ಒಂದು. ಮೇಜಿನ ಬಿರುಕನ್ನು ಬರೆದ ನಮ್ಮ ಲೇಖನಿಗೆ, ಹನ್ನೊಂದು ವರ್ಷ ನಮ್ಮೊಡನೆ ಬೆಂದ ಭಟ್ಟರ ಹೆಸರು ನೆನಪಾಗಲಿಲ್ಲ.

ಮೊನ್ನೆ ಅವರು ನಮ್ಮ ಕಚೇರಿಗೆ ಬಂದಿದ್ದರು. ಗ್ರ್ಯಾಚುಯಿಟಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ಹೊಸ ಯಜಮಾನರು ತಮ್ಮ ಕಾಲದ ನಾಲ್ಕೇ ವರ್ಷಗಳನ್ನು ಲೆಕ್ಕ ಹಿಡಿದಿದ್ದಾರೆ. "ರಾಯರೇ, ಅಂದೇ ನೀವೊಂದು ಚೀಟಿ ಬರೆದುಕೊಟ್ಟಿದ್ದರೆ ಸಾಕಿತ್ತು" ಎಂದರು. ಅವರು ಜಗಳಕ್ಕೆ ಬಂದವರಲ್ಲ; ಅದರಿಂದಲೇ ನಾವು ತಲೆಯೆತ್ತದಾದೆವು.

ಆದುದರಿಂದ ಹೋಟೆಲು ಕೊಡುವ, ಕೊಳ್ಳುವ ಯಜಮಾನರಲ್ಲಿ ನಮ್ಮ ವಿನಂತಿ: ಪಾತ್ರೆಗಳ ಪಟ್ಟಿಗೆ ಮೊದಲು ಕೆಲಸದವರ ಪಟ್ಟಿಯಿರಲಿ. ಹೆಸರು, ಸೇರಿದ ದಿನ, ಸಂಬಳ ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಲಿ. ಕೆಲಸದವರು ಪಗಾರದ ಚೀಟಿಯೊಂದನ್ನೂ ಬಿಸಾಡದೆ ಟ್ರಂಕಿನಲ್ಲಿ ಇಟ್ಟುಕೊಳ್ಳಲಿ. ಆಫೀಸುಗಳಲ್ಲಿರುವ ನಮ್ಮ ಗುಮಾಸ್ತ ಬಂಧುಗಳು ಭಾನುವಾರದ ಒಂದು ಗಂಟೆಯನ್ನು ಇಂತಹವರ ಅರ್ಜಿ ಬರೆದುಕೊಡಲು ಮೀಸಲಿಟ್ಟರೆ ಅದೊಂದು ದೊಡ್ಡ ಉಪಕಾರ.

ಭಟ್ಟರಿಗೆ ನಾವು ಚೀಟಿ ಬರೆದುಕೊಟ್ಟಿದ್ದೇವೆ. ನಾಲ್ಕು ವರ್ಷಗಳ ಹಿಂದೆಯೇ ಬರೆಯಬೇಕಾಗಿದ್ದ ಚೀಟಿಯದು.