ಎಲ್ಲಿ ಕೊಳ್ಳಲಿ?

‘ಕದ್ದ ಪ್ರತಿ ನೋಡಬೇಡಿ, ಕೊಂಡು ನೋಡಿ’ ಎಂದು ಉಪದೇಶಿಸುವವರಿಗೆ ನನ್ನದೊಂದೇ ಪ್ರಶ್ನೆ: ಎಲ್ಲಿ ಕೊಳ್ಳಲಿ?

ತೈವಾನಿನ ಎಡ್ವರ್ಡ್ ಯಾಂಗ್ 1991ರಲ್ಲಿ ‘ಎ ಬ್ರೈಟರ್ ಸಮ್ಮರ್ ಡೇ’ ಮಾಡಿದರು. ಸುಮಾರು ನಾಲ್ಕು ಗಂಟೆಯ ಚಿತ್ರ. 1960ರ ಆಸುಪಾಸಿನ ತೈಪೆ, ಶಾಲಾ ಹುಡುಗರ ಗುಂಪುಗಳು, ಒಂದು ಕೊಲೆ. ರಾತ್ರಿಯ ದೃಶ್ಯಗಳೇ ಹೆಚ್ಚು. ಹುಡುಗನ ಕೈಯಲ್ಲೊಂದು ಟಾರ್ಚು. ವರ್ಷಗಟ್ಟಲೆ ಇದನ್ನು ಜನ ನೋಡಿದ್ದು ಮಸುಕು ನಕಲುಗಳಲ್ಲಿ. ಅವುಗಳಲ್ಲಿ ಆ ಕತ್ತಲು ಬರೀ ಕೆಸರು. ಯಾಂಗ್ 2007ರಲ್ಲಿ ತೀರಿಕೊಂಡರು. ಚಿತ್ರ ದುರಸ್ತಿಯಾದದ್ದು 2009ರಲ್ಲಿ, ಅಮೆರಿಕದ ಕ್ರೈಟೀರಿಯನ್ ಡಿಸ್ಕ್ ಬಂದದ್ದು 2016ರಲ್ಲಿ.

ಅದನ್ನು ತರಿಸಿದರೂ ಕಷ್ಟ ತೀರದು. ಬ್ಲೂ-ರೇ ಕಂಪನಿಗಳು ಲೋಕವನ್ನು ಎ, ಬಿ, ಸಿ ಎಂದು ಹಂಚಿಕೊಂಡಿವೆ. ಅಮೆರಿಕ ಎ, ಭಾರತ ಸಿ. ಇಲ್ಲಿಗೆಂದೇ ಮಾಡಿದ ಪ್ಲೇಯರ್ ಅಲ್ಲಿನ ಡಿಸ್ಕನ್ನು ಓದುವುದಿಲ್ಲ. ಇದು ಯಂತ್ರದ ದೋಷವಲ್ಲ, ಬೇಕೆಂದೇ ಹಾಕಿದ ಬೀಗ. ನ್ಯೂಯಾರ್ಕಿನಲ್ಲಿ ಅಚ್ಚಾದ ಪುಸ್ತಕದ ಅಕ್ಷರಗಳು ಮೈಸೂರಿಗೆ ಬಂದೊಡನೆ ಅಳಿಸಿಹೋದರೆ ಸುಮ್ಮನಿರುತ್ತೇವೆಯೇ?

ನಕಲು ಮಾರಿ ದುಡ್ಡು ಮಾಡುವವರ ಪರ ನಾನು ವಕಾಲತ್ತು ವಹಿಸುತ್ತಿಲ್ಲ. ಆದರೆ ಹಕ್ಕುದಾರರು ಮರೆತಿದ್ದಾಗ ಈ ಚಿತ್ರವನ್ನು ನೆನಪಿನಲ್ಲಿಟ್ಟದ್ದು ಆ ಕೆಟ್ಟ ನಕಲುಗಳೇ. ದುಡ್ಡು ತೆತ್ತವರಿಗೂ ಬಾಗಿಲು ತೆರೆಯದವರು ಕಳ್ಳತನದ ಮಾತಾಡಬಾರದು.

ನಮ್ಮ ಸಿನಿಮಾಪ್ರೇಮಿಗಳಿಗೂ ಒಂದು ಮಾತು. ‘ನನ್ನ ಹತ್ತಿರ ಮಾತ್ರ ಇದೆ’ ಎಂದು ಬೀಗುವುದನ್ನು ಬಿಡಿ. ಅಪರೂಪ ಎಂಬುದು ಚಿತ್ರದ ಗುಣವಲ್ಲ, ಅದಕ್ಕಾದ ಅನ್ಯಾಯ. ಪುಸ್ತಕದಂತೆ ಸಿನಿಮಾವೂ ಕಾಲೇಜು ಲೈಬ್ರರಿಯಲ್ಲಿ ಸಿಗಲಿ ಎಂದು ಕೇಳೋಣ. ಕೇಳದೆ ಯಾರೂ ಬೀಗ ತೆಗೆಯುವುದಿಲ್ಲ.