ಲ್ಯಾಬಿನ ನೀಲಿ ಪರದೆ ಇನ್ನು ಸಾಕು

ನಮ್ಮ ಪಕ್ಕದೂರಿನ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿ ಬೆಂಗಳೂರಿಗೆ ಕೆಲಸದ ಪರೀಕ್ಷೆ ಬರೆಯಲು ಹೋಗಿದ್ದಳು. ಸಿ++ನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆಯಿರಿ ಅಂದರು. ಮೂರು ವರ್ಷ ಲ್ಯಾಬಿನಲ್ಲಿ ಬರೆದ ಹಾಗೆಯೇ ಬರೆದಳು. ಮೊದಲ ಸಾಲಿಗೇ ಎರರ್ ಬಂತು. "ನಮ್ ಹುಡ್ಗಿ ತಲೆಗೆ ಹತ್ತಲೇ ಇಲ್ಲ ಅನ್ಸುತ್ತೆ ಸಾರ್" ಅಂತ ಅವಳ ಅಪ್ಪ ನಮ್ಮ ಹತ್ತಿರ ಬೇಜಾರು ಮಾಡಿಕೊಂಡರು.

ತಲೆಗೆ ಹತ್ತಿತ್ತು. ಲ್ಯಾಬಿನಲ್ಲಿ ಕೈಗೆ ಕೊಟ್ಟ ಸಲಕರಣೆ ಮೂವತ್ತು ವರ್ಷ ಹಳೆಯದಾಗಿತ್ತು, ಅಷ್ಟೇ.

ಪ್ರೋಗ್ರಾಂ ಬರೆಯುವುದು, ತಪ್ಪು ಹುಡುಕುವುದು, ಓಡಿಸಿ ನೋಡುವುದು, ಎಲ್ಲ ಒಂದೇ ಕಡೆ ಆಗುವ ತಂತ್ರಾಂಶಕ್ಕೆ ಐಡಿಇ ಅನ್ನುತ್ತಾರೆ. ನಮ್ಮ ಎಷ್ಟೋ ಕಾಲೇಜುಗಳ ಲ್ಯಾಬಿನಲ್ಲಿ ಅದು ಅಂದರೆ ಟರ್ಬೊ ಸಿ++ನ ನೀಲಿ ಪರದೆ. ಅದು ಡಾಸ್ ಕಾಲದ್ದು. ಈಗಿನ 64-ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೂ ಇಲ್ಲ, ಡಾಸ್‌ಬಾಕ್ಸ್ ಹಾಕಿ ಎಬ್ಬಿಸಬೇಕು. ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಈ ತಂತ್ರಾಂಶ ಅದಕ್ಕೂ ಹಿಂದಿನದು. ಹಾಗಾಗಿ ಅದರಲ್ಲಿ ಕಲಿತ 'ಐಒಸ್ಟ್ರೀಮ್ ಡಾಟ್ ಎಚ್', 'ವಾಯ್ಡ್ ಮೇನ್', 'ಕ್ಲಿಯರ್ ಸ್ಕ್ರೀನ್' ಯಾವುದನ್ನೂ ಇವತ್ತಿನ ಜಿಸಿಸಿ ಕಂಪೈಲರ್ ಒಪ್ಪುವುದಿಲ್ಲ. ಇನ್ನೊಂದು ತಮಾಷೆ ಕೇಳಿ. ಅಲ್ಲಿ ಪೂರ್ಣಾಂಕಕ್ಕೆ ಎರಡೇ ಬೈಟ್ ಜಾಗ, 32,767 ದಾಟಿದರೆ ಲೆಕ್ಕ ತಿರುಗಾಮುರುಗಾ. ಡೇರಿಗೆ ಬಂದ ಹಾಲು 40,000 ಲೀಟರ್ ಅಂತ ಕೊಟ್ಟರೆ ಮೈನಸ್ 25,536 ಅಂತ ತೋರಿಸುತ್ತದೆ!

ಆ ತಂತ್ರಾಂಶವನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅದರ ಕಾಲಕ್ಕೆ ಅದು ದೊಡ್ಡದೇ. ಬೋರ್ಲೆಂಡ್ ಕಂಪನಿ 1983ರಲ್ಲಿ ಟರ್ಬೊ ಪ್ಯಾಸ್ಕಲ್ ತಂದು 50 ಡಾಲರಿಗೆ ಮಾರಿದಾಗ, ಬರೆಯುವುದೂ ಓಡಿಸುವುದೂ ಒಂದೇ ಕಡೆ ಎಂಬುದು ಜನಸಾಮಾನ್ಯರ ಕೈಗೆ ಬಂತು. ಅದರ ಕಂಪೈಲರ್ ಬರೆದ ಆಂಡರ್ಸ್ ಹೆಲ್ಸ್‌ಬರ್ಗ್ ಆಮೇಲೆ ಮೈಕ್ರೋಸಾಫ್ಟ್ ಸೇರಿ ಸಿ-ಶಾರ್ಪ್, ಟೈಪ್‌ಸ್ಕ್ರಿಪ್ಟ್ ಭಾಷೆಗಳನ್ನು ಕಟ್ಟಿದರು. ಅವರು ಮುಂದೆ ಹೋದರು, ನಮ್ಮ ಲ್ಯಾಬುಗಳು ಹೋಗಲಿಲ್ಲ.

ಪ್ಯಾಸ್ಕಲ್ ಕೂಡ ಮುಂದೆ ಬಂದಿದೆ. ನಿಕ್ಲಾಸ್ ವಿರ್ತ್ 1970ರಲ್ಲಿ ಪಾಠ ಹೇಳಲಿಕ್ಕೆಂದೇ ಮಾಡಿದ ಭಾಷೆ ಅದು. ಈಗ ಫ್ರೀ ಪ್ಯಾಸ್ಕಲ್ ಎಂಬ ಕಂಪೈಲರ್ ಇದೆ, ಅದರ ಮೇಲೆ ಲಜಾರಸ್ ಎಂಬ ಐಡಿಇ ಇದೆ. ಎರಡೂ ಉಚಿತ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತವೆ. ಬಟನ್, ಪಟ್ಟಿ, ಪೆಟ್ಟಿಗೆಗಳನ್ನು ಮೌಸ್‌ನಲ್ಲಿ ಎಳೆದು ಕೂರಿಸಿದರೆ ಫಾರಂ ಸಿದ್ಧ. ನಮಗೆ ಮುಖ್ಯ ಅನ್ನಿಸಿದ್ದು ಬೇರೆ: ಲಜಾರಸ್ ಯೂನಿಕೋಡ್ ಬಳಸುತ್ತದೆ. ಬಟನ್ ಮೇಲೆ 'ಉಳಿಸು', 'ಹಾಲಿನ ಲೆಕ್ಕ' ಅಂತ ಕನ್ನಡದಲ್ಲೇ ಬರೆಯಬಹುದು. ಡಾಸ್ ಪರದೆಯಲ್ಲಿ ಅದು ಆಗದ ಮಾತು. ತಯಾರಾದ ಪ್ರೋಗ್ರಾಂ ಸಾಮಾನ್ಯವಾಗಿ ಒಂದೇ ಫೈಲ್. ಪೆನ್‌ಡ್ರೈವ್‌ನಲ್ಲಿ ಒಯ್ದು ಸೊಸೈಟಿಯ ಹಳೇ ಕಂಪ್ಯೂಟರಿಗೆ ಹಾಕಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಪ್ಯಾಸ್ಕಲ್ ಕಲಿತರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದಾ? ಕಷ್ಟ. ಅದನ್ನು ಮುಚ್ಚಿಡುವುದಿಲ್ಲ. ಕೆಲಸಕ್ಕೆ ಅಂತ ಕಲಿಯುವವರು ಪೈಥಾನ್, ಸಿ, ಸಿ++, ಜಾವಾ ಕಡೆಗೇ ಹೋಗಬೇಕು. ಊರಿನ ಲೆಕ್ಕಕ್ಕೆ ತಾವೇ ಒಂದು ತಂತ್ರಾಂಶ ಮಾಡಬೇಕು ಅನ್ನುವವರಿಗೆ ಮಾತ್ರ ಲಜಾರಸ್‌ನಷ್ಟು ಸಲೀಸಾದದ್ದು ಕಡಿಮೆ.

ಬೇರೆ ಭಾಷೆಗಳಿಗೆ ನಮ್ಮ ಓಟು ಜೀನಿಗೆ. ತುಂಬ ಹಗುರ, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲೂ ತಟ್ಟನೆ ತೆರೆದುಕೊಳ್ಳುತ್ತದೆ. ಸಿ, ಪೈಥಾನ್, ಜಾವಾ, ಪ್ಯಾಸ್ಕಲ್ ಎಲ್ಲ ಅದರಲ್ಲೇ ಬರೆಯಬಹುದು. ಆದರೆ ಆಯಾ ಭಾಷೆಯ ಕಂಪೈಲರನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದು ತಲೆನೋವು ಅನ್ನಿಸಿದರೆ, ವಿಂಡೋಸ್‌ನಲ್ಲಿ ಸಿ, ಸಿ++ಗೆ ಕೋಡ್‌ಬ್ಲಾಕ್ಸ್ ತೆಗೆದುಕೊಳ್ಳಿ. ಅದರಲ್ಲಿ ಎರಡು ಬಗೆ ಇವೆ, ಹೆಸರಿನಲ್ಲಿ 'ಮಿಂಗ್‌ಡಬ್ಲ್ಯೂ' ಅಂತ ಇರುವುದನ್ನೇ ಇಳಿಸಿಕೊಂಡರೆ ಕಂಪೈಲರೂ ಜೊತೆಗೇ ಬರುತ್ತದೆ. ಎಲ್ಲರೂ ಹೇಳುವ ವಿಎಸ್ ಕೋಡ್ ಒಳ್ಳೆಯದೇ. ಆದರೆ 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಅದರ ಜೊತೆ ಬ್ರೌಸರ್ ತೆರೆದರೆ ಮಷೀನು ಏದುಸಿರು ಬಿಡುತ್ತದೆ. ಅದಕ್ಕಾಗಿ ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ಕೊಡಿಸಬೇಡಿ.

ಇವೆಲ್ಲ ಪುಕ್ಕಟೆ. ಹಾಗಾಗಿ ಲ್ಯಾಬಿಗೆ ಅನುದಾನ ಇಲ್ಲ ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಮಗನನ್ನೋ ಮಗಳನ್ನೋ ಕಂಪ್ಯೂಟರ್ ವಿಷಯಕ್ಕೆ ಸೇರಿಸಿರುವವರು ಮುಂದಿನ ಪೋಷಕರ ಸಭೆಯಲ್ಲಿ ಮೇಷ್ಟ್ರನ್ನು ಒಂದು ಮಾತು ಕೇಳಿ: "ಸಾರ್, ಲ್ಯಾಬಲ್ಲಿ ಯಾವ ಕಂಪೈಲರ್ ಹಾಕಿದೀರಿ?"

ಆ ಹುಡುಗಿ ಜೀನಿ ಹಾಕಿಕೊಂಡು ಪರೀಕ್ಷೆಯ ಅದೇ ಪ್ರೋಗ್ರಾಂ ಮತ್ತೆ ಬರೆದಳು. ನಾಲ್ಕು ಸಾಲು ಬದಲಾಯಿಸಬೇಕಾಯಿತು. ಓಡಿತು.