ಕೋಳಿಬಲೆಯ ಕನ್ನಡಿಯೂ ಶಾಲೆಯ ಪೆಟ್ಟಿಗೆಯೂ

ಶಾಲೆಗೆ ಹೊಸದೊಂದು ಯಂತ್ರ ಬಂದಾಗ ಅದಕ್ಕೆ ಹೂವಿನ ಹಾರ ಹಾಕಿ, ಕುಂಕುಮವಿಟ್ಟು ಬರಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ರೇಡಿಯೋವಿಗೆ ಈ ಮರ್ಯಾದೆ ಸಂದಿತು. ಟೆಲಿವಿಷನ್ನಿಗೂ ಕಂಪ್ಯೂಟರಿಗೂ ಸಂದಿತು. ಈಗ ಗೋಡೆಗೆ ತೂಗಿದ ಬೆಳಕಿನ ಹಲಗೆಗೂ ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ಟಿಗೂ ಸಲ್ಲುತ್ತಿದೆ. ಇವುಗಳಿಂದ ವಿದ್ಯಾಭ್ಯಾಸಕ್ಕೆ ಉಪಕಾರವೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ, ಈ ಯಂತ್ರವು ಏನನ್ನು ಕಲಿಸುತ್ತದೆಂದು ತಪ್ಪದೆ ವಿಚಾರಿಸುವ ನಾವು, ಯಂತ್ರವನ್ನೇ ಕುರಿತು ವಿದ್ಯಾರ್ಥಿಗಳು ಏನನ್ನು ಕಲಿತರೆಂದು ವಿಚಾರಿಸುವುದಿಲ್ಲ. ಇದು ಸಣ್ಣ ಲೋಪವಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ನಾಡಿನಲ್ಲಿಯೇ ನಡೆದ ಒಂದು ದೊಡ್ಡ ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರವರೆಗೆ, ಒಂದು ವರ್ಷ ಕಾಲ, ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕೃತಕ ಉಪಗ್ರಹದ ಮೂಲಕ ಟೆಲಿವಿಷನ್ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ಇದಕ್ಕೆ ಸೈಟ್ ಪ್ರಯೋಗವೆಂದು ಹೆಸರು. ಕರ್ನಾಟಕದಲ್ಲಿ ಬಿಜಾಪುರ, ರಾಯಚೂರು, ಮತ್ತು ಅಂದು ಗುಲ್ಬರ್ಗವೆಂದು ಕರೆಯುತ್ತಿದ್ದ ಇಂದಿನ ಕಲಬುರಗಿ ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು. ಬೆಳಗಿನ ವೇಳೆ ಶಾಲೆಯ ಮಕ್ಕಳಿಗಾಗಿ ಪಾಠ. ಸಂಜೆ ದೊಡ್ಡವರಿಗಾಗಿ ಬೇಸಾಯ, ಆರೋಗ್ಯ, ಮನೋರಂಜನೆ. ಉಪಗ್ರಹವು ಅಮೆರಿಕದ್ದು, ಅದರ ಹೆಸರು ಎ.ಟಿ.ಎಸ್.-6. ಅದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಪೂರ್ವ ಆಫ್ರಿಕದ ನೆತ್ತಿಯ ಮೇಲೆ ನೆಲೆನಿಂತು ನಮ್ಮ ಹಳ್ಳಿಗಳ ಕಡೆಗೆ ಮುಖ ಮಾಡಿತ್ತು.

ಇಷ್ಟು ದೂರದಿಂದ ಬಂದ ಕ್ಷೀಣವಾದ ಅಲೆಗಳನ್ನು ಹಳ್ಳಿಯಲ್ಲಿ ಹಿಡಿದದ್ದು ಯಾವುದು ಬಲ್ಲಿರಾ? ಹತ್ತು ಅಡಿ ಅಗಲದ ಒಂದು ತಂತಿಬಲೆಯ ಬೋಗುಣಿ. ಕೋಳಿಗೂಡಿಗೆ ಹೊದಿಸುವ ಬಲೆಯೇ ಅದು! ಬಲೆಯೆಂದರೆ ತೂತುಗಳ ಗಂಟಲ್ಲವೆ, ಅಲೆಗಳು ಅದರಲ್ಲಿ ನುಸುಳಿಹೋಗವೆ, ಎಂದು ಕೇಳಬಹುದು. ಲೆಕ್ಕ ಬಹಳ ಸುಲಭ. ಆ ಪ್ರಸಾರದ ಅಲೆಗಳು ಸೆಕೆಂಡಿಗೆ 86 ಕೋಟಿ ಬಾರಿ ಕಂಪಿಸುತ್ತಿದ್ದವು. ರೇಡಿಯೋ ಅಲೆ ಒಂದು ಸೆಕೆಂಡಿನಲ್ಲಿ ಕ್ರಮಿಸುವ ದೂರ ಸುಮಾರು 30 ಕೋಟಿ ಮೀಟರು. ಇದನ್ನು 86 ಕೋಟಿಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸುಮಾರು 35 ಸೆಂಟಿಮೀಟರು, ಅಂದರೆ ಒಂದು ಅಡಿಗಿಂತ ತುಸು ಹೆಚ್ಚು, ಎಂದು ತಿಳಿಯುತ್ತದೆ. ಕಿಂಡಿಗಳು ಅಲೆಯುದ್ದದ ಹತ್ತನೆಯ ಒಂದು ಪಾಲಿಗಿಂತ ಕಿರಿದಾಗಿದ್ದರೆ ಅಲೆಯ ಪಾಲಿಗೆ ಬಲೆಯೂ ಒಂದೇ, ತಗಡೂ ಒಂದೇ. ನಮ್ಮ ಕಣ್ಣಿಗೆ ಬಲೆಯಾಗಿ ತೋರಿದ್ದು ಆ ಅಲೆಗೆ ನುಣುಪಾದ ಕನ್ನಡಿಯಾಗಿತ್ತು. ಗಾಳಿ ಆ ಬಲೆಯೊಳಗಿಂದ ಹಾಯ್ದುಹೋಗುತ್ತಿತ್ತು. ಆದುದರಿಂದ ಬಿರುಗಾಳಿಯ ಭಯ ಕಡಮೆ. ಬೆಲೆಯೂ ಅಗ್ಗ. ಸ್ವಾರಸ್ಯವೇನೆಂದರೆ, ಆಕಾಶದಲ್ಲಿದ್ದ ಉಪಗ್ರಹವು ಕೊಡೆಯಂತೆ ಬಿಚ್ಚಿ ಹಿಡಿದಿದ್ದ ಒಂಬತ್ತು ಮೀಟರ್ ಅಗಲದ ಆಂಟೆನಾ ಕೂಡ ತಾಮ್ರ ಲೇಪಿಸಿದ ಒಂದು ಬಲೆಯೇ ಆಗಿತ್ತು. ಮೇಲೊಂದು ಬಲೆ, ಕೆಳಗೊಂದು ಬಲೆ. ನಡುವೆ ಸಾವಿರಾರು ಮೈಲಿಗಳ ಬಯಲು.

ಬೆಳಗಿನ ಪಾಠದಲ್ಲಿ ಬೇಕಾದಷ್ಟು ವಿಷಯಗಳಿದ್ದಿರಬಹುದು. ಆದರೆ ಶಾಲೆಯ ಮಾಡಿನ ಬಳಿ ನಿಂತಿದ್ದ ಆ ಬೋಗುಣಿಗಿಂತ ಮಿಗಿಲಾದ ಭೌತಶಾಸ್ತ್ರದ ಪಾಠ ಬೇರೊಂದಿರಲಾರದು. ಅದನ್ನು ಮುಟ್ಟಬಹುದಿತ್ತು, ಅಳೆಯಬಹುದಿತ್ತು, ಕೋಲು ದಾರಗಳಿಂದ ಅದರ ಬಾಗನ್ನು ಗುರುತಿಸಬಹುದಿತ್ತು. ಸೈಟ್ ಪ್ರಯೋಗದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗವೂ ಮಕ್ಕಳ ಪಾಠವಲ್ಲ. ರಜೆಯ ದಿನಗಳಲ್ಲಿ ಸುಮಾರು 50,000 ಮಂದಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರನ್ನು ಅಲ್ಲಲ್ಲಿ ಕಲೆಹಾಕಿ, ಟೆಲಿವಿಷನ್ನು, ರೇಡಿಯೋ, ಅಚ್ಚಿನ ಪುಸ್ತಕ ಮತ್ತು ಕೈಯಾರೆ ಮಾಡುವ ಪ್ರಯೋಗ, ಇವೆಲ್ಲವನ್ನೂ ಜೋಡಿಸಿ ವಿಜ್ಞಾನ ಬೋಧನೆಯ ತರಬೇತು ಕೊಟ್ಟರಲ್ಲ, ಅದು. ವರ್ಷ ಮುಗಿದೊಡನೆ ಉಪಗ್ರಹ ಅಮೆರಿಕದ ಕಡೆಗೆ ಹೊರಟುಹೋಯಿತು. ಅನೇಕ ಹಳ್ಳಿಗಳಲ್ಲಿ ಪೆಟ್ಟಿಗೆ ಮೂಕವಾಯಿತು. ಉಪಾಧ್ಯಾಯರು ಮಾತ್ರ ಅಲ್ಲಿಯೇ ಉಳಿದರು.

ಈಗಿನ ಸ್ಥಿತಿಯನ್ನು ನೋಡಿ. ಈಚೆಗೆ ನಾನೊಂದು ಪ್ರೌಢಶಾಲೆಗೆ ಹೋಗಿದ್ದೆ, ಹೆಸರು ಬೇಡ. ತರಗತಿಯ ಗೋಡೆಯ ಮೇಲೆ ದೊಡ್ಡದೊಂದು ಬೆಳಕಿನ ಹಲಗೆಯಿತ್ತು. ಅದರ ಮೇಲೆ ಹಳೆಯ ಮೇಜುವಸ್ತ್ರ ಹೊದಿಸಿತ್ತು. ಕೆಟ್ಟು ಎರಡು ವರ್ಷವಾಯಿತಂತೆ. ಬಿಚ್ಚಿ ನೋಡೋಣವೆಂದರೆ, ಬಿಚ್ಚಿದರೆ ತಯಾರಕರ ಜವಾಬ್ದಾರಿ ತಪ್ಪುತ್ತದೆಂದು ಬರೆದ ಚೀಟಿ ಬೆನ್ನಿಗೆ ಅಂಟಿತ್ತು. ಆ ಜವಾಬ್ದಾರಿಯ ಅವಧಿ ಎಂದೋ ಮುಗಿದಿತ್ತೆಂಬುದು ಬೇರೆ ಮಾತು! ವಿಜ್ಞಾನದ ಉಪಾಧ್ಯಾಯರು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಮಸೂರದ ಚಿತ್ರ ಬರೆಯುತ್ತಿದ್ದರು, ಚೆನ್ನಾಗಿಯೇ ಬರೆಯುತ್ತಿದ್ದರು. ಆ ಮಕ್ಕಳು ಹಲಗೆಯಿಂದ ಕಲಿತ ಪಾಠ ಒಂದೇ: ಯಂತ್ರವೆಂಬುದು ದೇವರ ಹಾಗೆ, ಒಲಿದಾಗ ನಡೆಯುತ್ತದೆ, ಮುನಿದಾಗ ನಿಲ್ಲುತ್ತದೆ. ವಿಜ್ಞಾನವನ್ನು ಬೋಧಿಸಲು ತಂದ ಉಪಕರಣವೇ ಮೂಢನಂಬಿಕೆಯನ್ನು ಬೆಳೆಸಿದರೆ ಅದಕ್ಕೇನೆನ್ನೋಣ?

ಹಾಗಾದರೆ ಎಲ್ಲವನ್ನೂ ಬಿಚ್ಚಿ ಹರಡಬೇಕೆ, ಎಂದು ಕೆಲವರು ಹಾಸ್ಯ ಮಾಡಬಹುದು. ಬೇಡ. ಹಳೆಯ ಟೆಲಿವಿಷನ್ನಿನ ಗಾಜಿನ ಕೊಳವೆಯಲ್ಲಿ, ವಿದ್ಯುತ್ತನ್ನು ಕಡಿದ ಮೇಲೂ ಅಪಾಯಕರವಾದ ವಿದ್ಯುದಾವೇಶ ಉಳಿದಿರುವುದುಂಟು. ಫೋನಿನ ಲಿಥಿಯಂ ಬ್ಯಾಟರಿ ಚುಚ್ಚಿದರೆ ಉರಿದೇಳುತ್ತದೆ. ಇಂಥವನ್ನು ಬಲ್ಲವರ ಎದುರಿಗಲ್ಲದೆ ಮುಟ್ಟಕೂಡದು. ಆದರೆ ಕೆಟ್ಟುಹೋದ ಕೀಲಿಮಣೆ, ಧ್ವನಿವರ್ಧಕ, ಇಲಿಯಾಕಾರದ ಆ ಕೈಗುಂಡು, ಇವುಗಳನ್ನು ಗುಜರಿಗೆ ಹಾಕುವ ಮುನ್ನ ಪ್ರಯೋಗಶಾಲೆಯ ಮೇಜಿನ ಮೇಲಿಡಲು ಏನಡ್ಡಿ? ಧ್ವನಿವರ್ಧಕದ ಕಾಗದದ ಶಂಕುವನ್ನೂ, ಅದರ ಬೆನ್ನಿನ ತಂತಿಸುರುಳಿಯನ್ನೂ, ಅಯಸ್ಕಾಂತವನ್ನೂ ಒಮ್ಮೆ ಕಣ್ಣಾರೆ ಕಂಡವರಿಗೆ ವಿದ್ಯುತ್ತು ಅಯಸ್ಕಾಂತಗಳ ಸಂಬಂಧವನ್ನು ಉರುಹೊಡೆಯುವ ಕಷ್ಟವಿರದು.

ಬಿಚ್ಚದೆಯೂ ತಿಳಿಯುವ ದಾರಿಗಳುಂಟು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಫೋನೇ ಪಾಠಶಾಲೆಯಾಯಿತು. ಫೋನಿಲ್ಲದ ಮನೆಯ ಮಕ್ಕಳ ಪಾಡು ನಮಗೆಲ್ಲ ಗೊತ್ತು. ಫೋನಿದ್ದವರಾದರೂ ಅದರಲ್ಲಿ ಪಾಠ ನೋಡಿದರೇ ಹೊರತು ಅದರಿಂದ ಏನನ್ನೂ ಅಳೆಯಲಿಲ್ಲ. ಇಂದಿನ ಸಾಧಾರಣ ಫೋನಿನೊಳಗೆ ವೇಗೋತ್ಕರ್ಷವನ್ನು ಅಳೆಯುವ ಸೂಕ್ಷ್ಮ ಉಪಕರಣವೊಂದಿರುತ್ತದೆ. ಪರದೆಯನ್ನು ಅಡ್ಡ ತಿರುಗಿಸಿದಾಗ ಚಿತ್ರವೂ ತಿರುಗುವುದು ಅದರ ದೆಸೆಯಿಂದಲೇ. ಅದರ ಅಳತೆಗಳನ್ನು ತೋರಿಸುವ ತಂತ್ರಾಂಶಗಳು ಹಣವಿಲ್ಲದೆ ದೊರೆಯುತ್ತವೆ. ಫೋನನ್ನು ಒಂದು ಚೀಲದಲ್ಲಿ ಭದ್ರವಾಗಿ ಕಟ್ಟಿ, ಒಂದು ಮೀಟರ್ ಉದ್ದದ ಲೋಲಕವಾಗಿ ತೂಗಿಬಿಟ್ಟು, ಅದರ ಅವಧಿಯನ್ನು ಕಂಡುಹಿಡಿಯಿರಿ. 2 ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು ಬರಬೇಕು. ಅದರಿಂದ ಗುರುತ್ವದ ವೇಗೋತ್ಕರ್ಷವನ್ನು ಗುಣಿಸಿ ನೋಡಿರಿ. 9.8ರ ಸಮೀಪ ಬಾರದಿದ್ದರೆ ದಾರದ ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆದಿರೆಂದು ಪುನಃ ಪರಿಶೀಲಿಸಿರಿ.

ಇನ್ನೊಂದು ಪ್ರಶ್ನೆ. ಈಗ ಮನೆಗಳ ಮಾಳಿಗೆಯ ಮೇಲೆ ಕಾಣುವ ಟೆಲಿವಿಷನ್ ಬೋಗುಣಿಗಳು ಹಿಂದಿನದಕ್ಕಿಂತ ಬಹಳ ಚಿಕ್ಕವು. ಅವುಗಳಿಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರು. ಅವು ಕೋಳಿಬಲೆಯವಲ್ಲ, ಗಟ್ಟಿಯಾದ ತಗಡಿನವು. ಏತಕ್ಕೆಂದು ನಿಮ್ಮ ಉಪಾಧ್ಯಾಯರನ್ನು ಕೇಳುವ ಮೊದಲು, ಅಂಗಡಿಗೆ ಹೋಗಿ ಬಲೆಯ ಒಂದು ಕಿಂಡಿಯನ್ನು ಅಳೆದುಕೊಂಡು ಬನ್ನಿರಿ.